ಸಂತೆ ಬೀದಿಯ ಚಿಲ್ಲರೆ ಅಂಗಡಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಪಠ್ಯ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಬ್ರಿಟಿಷರ ಕಾಲದಲ್ಲಿ ನಮ್ಮೂರ ಅಂಗಡಿ’. ನನಗೇ ಯಾಕೆ ಕೊಟ್ಟರು ಅಂದರೆ ಸಂತೆ ಬೀದಿಯಲ್ಲಿ ನಮ್ಮ ತಾತ ಚಿಲ್ಲರೆ ಅಂಗಡಿ ಇಟ್ಟಿದ್ದರು. ಅವರ ತಂದೆ ಶುರು ಮಾಡಿದ್ದು, ನಮ್ಮ ತಂದೆಯ ಕಾಲಕ್ಕೆ ಮುಚ್ಚಿದ್ದು. ಇಲ್ಲಿ ಕೂತಿರುವ ಅರವತ್ತು ದಾಟಿದವರಿಗೆ ‘ಶೆಟ್ರಂಗಡಿ’ ಅಂದರೆ ಸಾಕು, ಬೇರೆ ಗುರುತು ಬೇಡ.

ಮೊದಲಿಗೆ ಒಂದು ತಿದ್ದುಪಡಿ. ನಾವು ನೇರವಾಗಿ ಬ್ರಿಟಿಷರ ಕೈಕೆಳಗಿದ್ದವರಲ್ಲ. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂದ ಮೇಲೆ ನಮ್ಮದು ಮಹಾರಾಜರ ಸೀಮೆ. ಅತ್ತಿಕುಪ್ಪೆ ಅಂತಿದ್ದ ತಾಲ್ಲೂಕಿನ ಹೆಸರು 1891ರಲ್ಲಿ ಕೃಷ್ಣರಾಜಪೇಟೆ ಆಯಿತು. ಕಂದಾಯ ಕೇಳುವ ಅಮಲ್ದಾರರು ಮಹಾರಾಜರವರು, ಗೋಡೆಯ ಮೇಲಿನ ಪಟ ಮಹಾರಾಜರದು. ಆದರೆ ಗಲ್ಲಾಪೆಟ್ಟಿಗೆಯೊಳಗೆ ಇದ್ದದ್ದು ಮಾತ್ರ ಇಂಗ್ಲೆಂಡಿನ ರಾಜರಾಣಿಯರ ಮುಖ. ವಿಕ್ಟೋರಿಯಾ ರಾಣಿ, ಕಿರೀಟವಿಲ್ಲದ ಎಡ್ವರ್ಡ್, ಕಿರೀಟ ಹೊತ್ತ ಜಾರ್ಜ್. ಬ್ರಿಟಿಷರು ನಮ್ಮೂರಿಗೆ ಬಂದದ್ದು ಕುದುರೆ ಹತ್ತಿ ಅಲ್ಲ, ಅಂಗಡಿಯ ಬಾಗಿಲಿಂದ. ಆದ್ದರಿಂದ ಸಮಿತಿಯವರು ಕೊಟ್ಟ ತಲೆಬರಹ ಪೂರ್ತಿ ತಪ್ಪೂ ಅಲ್ಲ.

ನಮ್ಮ ತಾಲ್ಲೂಕಿನಲ್ಲಿ ಇನ್ನೊಂದು ಬಾಚಹಳ್ಳಿ ಇದೆ, ಅಗ್ರಹಾರಬಾಚಹಳ್ಳಿ. ಹೊಯ್ಸಳ ದೊರೆಗಳಿಗಾಗಿ ಪ್ರಾಣ ಕೊಟ್ಟ ಗರುಡರ ಕಂಬಗಳು ಅಲ್ಲಿವೆ, ನೋಡದವರು ಹೋಗಿ ನೋಡಿ ಬನ್ನಿ. ಅವರ ಹೆಸರಿನ ಹಿಂದೆ ಅಗ್ರಹಾರ ಸೇರಿಕೊಂಡಿತು, ನಮ್ಮ ಹೆಸರಿನ ಹಿಂದೆ ಸಂತೆ. ಅಲ್ಲಿಯವರು ಇದನ್ನು ಹೇಳಿ ನಮ್ಮನ್ನು ಛೇಡಿಸುವುದುಂಟು. ನನಗೇನೂ ಬೇಜಾರಿಲ್ಲ. ವಾರಕ್ಕೊಂದು ದಿನ ಸಂತೆ ನೆರೆಯುತ್ತಿತ್ತು, ಮಿಕ್ಕ ಆರು ದಿನಕ್ಕೆ ಜನರಿಗೆ ಉಪ್ಪು, ಮೆಣಸಿನಕಾಯಿ, ದೀಪದ ಎಣ್ಣೆ ಬೇಡವೇ? ಆ ಆರು ದಿನದ ಸಂತೆಯೇ ನಮ್ಮ ಅಂಗಡಿ.

ಈಗಿನ ಮಕ್ಕಳು ಅಂಗಡಿ ಅಂದರೆ ಗಾಜಿನ ಬೀರು, ನೇತುಹಾಕಿದ ಚಿಪ್ಸ್ ಪೊಟ್ಟಣ ಅಂದುಕೊಳ್ಳುತ್ತೀರಿ. ಅದು ಎರಡಂಕಣದ ಮನೆ. ಮುಂದೆ ಎತ್ತರದ ಜಗಲಿ. ಒಂದೊಂದೇ ಹಲಗೆ ತೆಗೆದು ಜೋಡಿಸುವ ಬಾಗಿಲು, ಹಲಗೆಗಳ ಮೇಲೆ ಒಂದು ಎರಡು ಅಂತ ಅಂಕಿ. ಒಳಗೆ ಮಣ್ಣಿನ ವಾಡೆಗಳಲ್ಲಿ ಕಾಳು, ಮಂಕರಿಯಲ್ಲಿ ಬೆಲ್ಲ, ಜಾಡಿಯಲ್ಲಿ ಹುಣಸೆಹಣ್ಣು. ಉಪ್ಪಿನ ಮೂಟೆ ಮಾತ್ರ ಹೊರಗೆ ಜಗಲಿಯ ಮೂಲೆಯಲ್ಲಿ, ಅದು ನೀರು ಬಿಡುತ್ತಿತ್ತು. ಒಂದು ಮೂಲೆ ಗ್ರಂಧಿಗೆ ಸಾಮಾನಿಗೆ: ಶುಂಠಿ, ಹಿಪ್ಪಲಿ, ಬಜೆ, ಜಾಯಿಕಾಯಿ, ಅರಿಶಿನ, ಕುಂಕುಮ, ಕರ್ಪೂರ. ಬಾಣಂತಿ ಮನೆಯಿಂದ ಹೆಂಗಸರು ಬಂದರೆ ತಾತ ಏನು ಬೇಕೆಂದು ಕೇಳುತ್ತಲೇ ಇರಲಿಲ್ಲವಂತೆ, ಕಟ್ಟಿಕೊಡುತ್ತಿದ್ದರು. ಬಳೆ ನಮ್ಮಲ್ಲಿ ಇರಲಿಲ್ಲ, ಅದು ಮಲಾರ ಹೊತ್ತು ಬರುವವರ ವ್ಯಾಪಾರ. ಪಕ್ಕದ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ಬಳೆಗಾರ ಚೆನ್ನಯ್ಯನನ್ನು ಇಡೀ ಕನ್ನಡಕ್ಕೆ ಪರಿಚಯ ಮಾಡಿಕೊಟ್ಟರು. ಉಪ್ಪು ಮಾರುವವನ ಮೇಲೆ ಮಾತ್ರ ಯಾರೂ ಪದ್ಯ ಬರೆಯಲಿಲ್ಲ!

ಮಾಲು ಬರುತ್ತಿದ್ದುದು ಗಾಡಿಯಲ್ಲಿ. ಬೆಂಗಳೂರಿನಿಂದ ಮೈಸೂರಿಗೆ ರೈಲು 1882ರಲ್ಲಿ ಪೂರ್ತಿಯಾಯಿತು. ನಮ್ಮ ಮುತ್ತಾತ ಹೋಗುತ್ತಿದ್ದುದು ಈಗ ಪಾಂಡವಪುರ ಅನ್ನುವ, ಆಗ ಫ್ರೆಂಚ್ ರಾಕ್ಸ್ ಅನ್ನುತ್ತಿದ್ದ ಸ್ಟೇಷನ್ನಿಗೆ, ಇಲ್ಲವಾದರೆ ನೇರ ಮೈಸೂರಿನ ಸಂತೆಪೇಟೆಗೆ. ಎತ್ತಿನ ಗಾಡಿ, ರಾತ್ರಿ ಪ್ರಯಾಣ, ಜೊತೆಗೆ ನಾಲ್ಕಾರು ಗಾಡಿ ಇದ್ದರೇ ಧೈರ್ಯ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಮೈಸೂರು–ಅರಸೀಕೆರೆ ರೈಲು ಬಂತು, ನಮ್ಮ ತಾಲ್ಲೂಕಿನೊಳಗೇ ಅಕ್ಕಿಹೆಬ್ಬಾಳು, ಮಂದಗೆರೆಯಲ್ಲಿ ಸ್ಟೇಷನ್ ಆಯಿತು. ಹೋಗುವಾಗ ಗಾಡಿಯಲ್ಲಿ ಹುಚ್ಚೆಳ್ಳು, ಹರಳು, ಹುಣಸೆಹಣ್ಣು, ಕೊಬ್ಬರಿ. ಬರುವಾಗ ಸೀಮೆಎಣ್ಣೆ, ಉಪ್ಪು, ಬೆಂಕಿಪೊಟ್ಟಣ. ಈ ಅದಲುಬದಲನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

‘ಸೀಮೆ’ ಅನ್ನುವ ಮಾತನ್ನೇ ನೋಡಿ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಹೊರಗಿನಿಂದ ಬಂದದ್ದಕ್ಕೆಲ್ಲ ನಮ್ಮವರು ಇಟ್ಟ ಹೆಸರು. ಸೀಮೆಎಣ್ಣೆ ಬರುವ ಮುಂಚೆ ಈ ಊರಿನ ದೀಪ ಉರಿಯುತ್ತಿದ್ದುದು ಹರಳೆಣ್ಣೆಯಲ್ಲಿ, ಹೊಂಗೆ ಎಣ್ಣೆಯಲ್ಲಿ, ಹಿಪ್ಪೆ ಎಣ್ಣೆಯಲ್ಲಿ. ಹೊಲದ ಬದುವಿನಲ್ಲಿ ಹರಳು ಬೆಳೆದು, ಮನೆಯಲ್ಲೇ ಕುದಿಸಿ ಎಣ್ಣೆ ತೆಗೆದು ಹಣತೆಗೆ ಹಾಕಿದರೆ ಅದಕ್ಕೆ ಯಾರಿಗೂ ಕಾಸು ಕೊಡಬೇಕಾಗಿರಲಿಲ್ಲ. ಆಮೇಲೆ ಬಂತು ಡಬ್ಬ. ನಾಲ್ಕು ಗ್ಯಾಲನ್ ಹಿಡಿಯುವ ಚೌಕದ ತಗಡಿನ ಡಬ್ಬ, ಒಂದು ಮರದ ಪೆಟ್ಟಿಗೆಯಲ್ಲಿ ಎರಡು. ಒಳಗಿನ ಎಣ್ಣೆ ಅಮೆರಿಕದ್ದೋ ರಷ್ಯದ್ದೋ, ಆಮೇಲೆ ಬರ್ಮಾದ್ದು. ಬೆಳಕು ಹೆಚ್ಚು, ಹೊಗೆಯೂ ಹೆಚ್ಚು. ಹರಳು ಗಾಡಿ ಹತ್ತಿ ಮೈಸೂರಿಗೆ ಹೋಯಿತು, ಅದು ಮಾರಿದ ದುಡ್ಡಿನಲ್ಲಿ ಬರ್ಮಾದ ಎಣ್ಣೆ ಊರಿಗೆ ಬಂತು. ಲಾಭವೋ ನಷ್ಟವೋ ನೀವೇ ಲೆಕ್ಕ ಹಾಕಿ. ಬುಡ್ಡಿ ದೀಪದಲ್ಲಿ ಓದಿ ಪಾಸಾದ ನನಗೆ ಸೀಮೆಎಣ್ಣೆಯನ್ನು ಬೈಯಲು ಬಾಯಿ ಬರುವುದಿಲ್ಲ.

ಎಣ್ಣೆಗಿಂತ ಡಬ್ಬ ಹೆಚ್ಚು ಕಾಲ ಬಾಳಿತು. ಬಾಯಿ ಕತ್ತರಿಸಿ, ಅಡ್ಡ ಕೋಲು ಹೊಡೆದರೆ ಬಾವಿಯಿಂದ ನೀರು ಸೇದಲು. ಬಿಡಿಸಿ ಹಾಸಿದರೆ ಕೊಟ್ಟಿಗೆಯ ಸೋರುವ ಜಾಗಕ್ಕೆ. ಬುಡ್ಡಿ, ಆಲಿಕೆ, ಮೊರದ ತೇಪೆ, ಎಲ್ಲ ಅದರಿಂದಲೇ. ಮರದ ಪೆಟ್ಟಿಗೆಗಳು ಅಂಗಡಿಯ ಗೂಡುಗಳಾದವು. ತಾತ ಕೂತು ಲೆಕ್ಕ ಬರೆಯುತ್ತಿದ್ದ ಮೇಜೂ ಅದೇ ಮರದ್ದು, ಅದರ ಅಡಿಯಲ್ಲಿ ಅರ್ಧ ಅಳಿಸಿದ ಇಂಗ್ಲಿಷ್ ಅಕ್ಷರ ನಾನು ಹುಡುಗನಾಗಿದ್ದಾಗಲೂ ಕಾಣುತ್ತಿತ್ತು.

ಬೆಂಕಿಪೊಟ್ಟಣದ ಕಥೆಯೂ ಹೀಗೇ. ಮೊದಲು ಸ್ವೀಡನ್ನಿನದು, ಜಪಾನಿನದು, ಗ್ರೋಸು ಲೆಕ್ಕದಲ್ಲಿ ಬರುತ್ತಿತ್ತು. ಹನ್ನೆರಡು ಡಜನ್ನಿಗೆ ಒಂದು ಗ್ರೋಸು, ಅಂದರೆ 144. 1920ರ ದಶಕದಲ್ಲಿ ಆಮದು ಸುಂಕ ಏರಿತು, ಸ್ವೀಡನ್ನಿನವರೇ ಇಲ್ಲಿ ವಿಮ್ಕೊ ಕಂಪನಿ ಶುರು ಮಾಡಿದರು, ಅತ್ತ ಶಿವಕಾಶಿಯವರೂ ಕಲಿತರು. ಅದಕ್ಕೂ ಮುಂಚೆ ಬೆಂಕಿ ಅಂದರೆ ಪಕ್ಕದ ಮನೆಯಿಂದ ಬೆರಣಿಯ ಮೇಲೆ ಕೆಂಡ ತರುವುದು. ಲಾಟೀನು ಜರ್ಮನಿ, ಅಮೆರಿಕದಿಂದ ಬರುತ್ತಿತ್ತು, ಆಮೇಲೆ ಸಾತಾರಾ ಜಿಲ್ಲೆಯ ಒಗಲೆವಾಡಿಯಿಂದ ಪ್ರಭಾತ್ ಲಾಟೀನು. ಸ್ವದೇಶಿ ಅಂತ ಕೊಳ್ಳುವವರು ಹಳ್ಳಿಯಲ್ಲಿ ಕಡಿಮೆ. ಗಾಜು ಒಡೆದರೆ ಬೇರೆ ಗಾಜು ಸಿಗುತ್ತದೆಯೇ ಅನ್ನುವುದೇ ಅವರ ಪ್ರಶ್ನೆ.

ಉಪ್ಪಿನ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಸಮುದ್ರದ ಉಪ್ಪು ರೈಲಿನಲ್ಲಿ ಬರುವ ಮುಂಚೆ ಮೈಸೂರು ಸೀಮೆಯಲ್ಲಿ ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದರು. ಚೌಳು ಮಣ್ಣು ಕೆರೆದು, ನೀರಿನಲ್ಲಿ ಕದಡಿ, ತಿಳಿ ಬಸಿದು ಬಿಸಿಲಿಗೆ ಇಡುವುದು. ಉಪ್ಪಾರರಿಗೆ ಆ ಹೆಸರು ಬಂದದ್ದೇ ಆ ಕಸುಬಿನಿಂದ. ಒಂದು ಕಡೆ ಬಿಳಿ ಉಪ್ಪು ಬಂತು, ಇನ್ನೊಂದು ಕಡೆ ಆ ಕಸುಬು ಹೋಯಿತು, ಉಪ್ಪಾರರು ಮಣ್ಣುಕೆಲಸಕ್ಕೆ, ಗಾರೆಕೆಲಸಕ್ಕೆ ಹೋದರು. ಆ ಬಿಳಿ ಉಪ್ಪಿನ ಮೇಲೆ ಬ್ರಿಟಿಷರ ತೆರಿಗೆ. 1930ರಲ್ಲಿ ಗಾಂಧೀಜಿ ದಂಡಿಗೆ ನಡೆದದ್ದನ್ನು ನೀವೆಲ್ಲ ಸಮಾಜ ಪಾಠದಲ್ಲಿ ಓದಿದ್ದೀರಿ. ಆ ತೆರಿಗೆಯ ಒಂದು ಚಿಟಿಕೆ ನಮ್ಮ ಜಗಲಿಯ ಮೂಲೆಯ ಮೂಟೆಯಲ್ಲೂ ಇತ್ತು. ಕೂಲಿ ಮಾಡುವ ಹೆಂಗಸು ರಾಗಿ ತಂದು ಸುರಿದು ಉಪ್ಪು ಕಟ್ಟಿಕೊಂಡು ಹೋಗುವಾಗ ಅದನ್ನೂ ಕಟ್ಟಿಯೇ ಹೋಗುತ್ತಿದ್ದಳು, ಯಾರೂ ಅವಳಿಗೆ ರಸೀದಿ ಕೊಡಲಿಲ್ಲ.

ಇನ್ನು ಕರ್ಪೂರ. ಆ ಕಾಲದ ಕರ್ಪೂರದಲ್ಲಿ ಬಹುಪಾಲು ಜಪಾನಿನ ಹಿಡಿತದಲ್ಲಿದ್ದ ಫಾರ್ಮೋಸಾ ದ್ವೀಪದ್ದು. ನಮ್ಮ ಮಹಾಲಿಂಗೇಶ್ವರನಿಗೆ ಬೆಳಗಿದ ಮಂಗಳಾರತಿಗೂ ಸಮುದ್ರದಾಚೆಯ ನಂಟಿತ್ತು. ಸಕ್ಕರೆ ಜಾವಾದಿಂದ, ಅದು ಉಳ್ಳವರ ಮನೆಯ ಮದುವೆಗೆ ಮಾತ್ರ, ಮಿಕ್ಕವರಿಗೆ ಬೆಲ್ಲ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆಯಿತು. ಅದಕ್ಕೆ ಓಡಾಡಿದ ಲೆಸ್ಲಿ ಕೋಲ್ಮನ್ ಸಾಹೇಬರನ್ನು ಮಂಡ್ಯದವರು ಇವತ್ತಿಗೂ ನೆನೆಯುತ್ತಾರೆ. ಆಗ ಇನ್ನೂ ಮಂಡ್ಯ ಜಿಲ್ಲೆಯೇ ಆಗಿರಲಿಲ್ಲ, ಅದು 1939ರ ಮಾತು. ಸೋಪಿನದೂ ಒಂದು ಸ್ವಾರಸ್ಯ. ಮೊದಲ ಯುದ್ಧದಲ್ಲಿ ಗಂಧದ ಮರ ಜರ್ಮನಿಗೆ ಹೋಗದೆ ಇಲ್ಲೇ ಉಳಿಯಿತು, ಸಂಸ್ಥಾನದವರು ತಾವೇ ಎಣ್ಣೆ ತೆಗೆದರು, ಅದರಿಂದ ಮೈಸೂರು ಸ್ಯಾಂಡಲ್ ಸೋಪು ಬಂತು. ನಮ್ಮಂಗಡಿಯಲ್ಲಿ ಅದು ವರ್ಷಕ್ಕೆ ಎಷ್ಟು ಮಾರಾಟವಾಗುತ್ತಿತ್ತೋ! ಜನಕ್ಕೆ ಸೀಗೆಪುಡಿ, ಚಿಗರೆಪುಡಿ, ಬಟ್ಟೆಗೆ ಚೌಳು. ಸೋಪು ಅಳಿಯ ಬಂದಾಗ.

ಈಗ ಈ ಮೇಜಿನ ಮೇಲಿರುವುದನ್ನು ನೋಡಿ. ಇವುಗಳನ್ನು ಶಾಲೆಗೆ ಕೊಡಲು ತಂದಿದ್ದೇನೆ. ಇದು ಸೇರು, ಇದು ಅಚ್ಚೇರು, ಇದು ಪಾವು, ಈ ಚಿಕ್ಕದು ಚಟಾಕು. ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಸೇರು. ತೂಕದ ಸೇರು ಬೇರೆ. ಕಚ್ಚಾ ಸೇರು ಅಂದರೆ ಇಪ್ಪತ್ತನಾಲ್ಕು ತೊಲ, ಐದು ಸೇರಿಗೆ ಪಂಚೇರು, ಹತ್ತಕ್ಕೆ ಧಡೆಯ, ನಲವತ್ತಕ್ಕೆ ಮಣ. ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ. ಆದ್ದರಿಂದ ಬಟ್ಟಿನ ಮೇಲೆ ಅನುಮಾನ ಬಂದವರು ‘ರೂಪಾಯಿ ಹಾಕಿ ತೂಗು’ ಅನ್ನುತ್ತಿದ್ದರು. ತಕ್ಕಡಿಯಲ್ಲಿ ಇಪ್ಪತ್ತನಾಲ್ಕು ರೂಪಾಯಿ ಇಟ್ಟರೆ ಕಚ್ಚಾ ಸೇರು, ಸುಳ್ಳು ಹೇಳುವಂತಿಲ್ಲ. ಆದರೆ ಅನುಮಾನ ಬಂದ ಬಡವನ ಹತ್ತಿರ ಇಪ್ಪತ್ತನಾಲ್ಕು ರೂಪಾಯಿ ಎಲ್ಲಿಂದ ಬರಬೇಕು? ಅದೂ ಅಂಗಡಿಯವನ ಗಲ್ಲಾದಿಂದಲೇ ಬರಬೇಕು.

ಅಳತೆಯಲ್ಲಿ ಇನ್ನೊಂದು ಸೂಕ್ಷ್ಮ. ತಲೆಗಟ್ಟಿ ಅಳೆಯುವುದು, ತಲೆ ಒರೆಸಿ ಅಳೆಯುವುದು ಅಂತ ಎರಡು. ರೈತನಿಂದ ರಾಗಿ ತೆಗೆದುಕೊಳ್ಳುವಾಗ ರಾಶಿ ಗೋಪುರ ಕಟ್ಟಬೇಕು, ಅವನಿಗೆ ಕೊಡುವಾಗ ಅಂಗೈಯಿಂದ ಒರೆಸಿಬಿಡುವುದು. ಮೊದಲ ಸೇರು ಸುರಿಯುವಾಗ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನಬೇಕು. ಲಾಭ, ಎರಡು, ಮೂರು. ತಾತನ ಬಾಯಲ್ಲಿ ಅದನ್ನು ಕೇಳಿ ಕಲಿತು, ನಾನು ಒಂದನೇ ಕ್ಲಾಸಿನಲ್ಲಿ ಎಣಿಕೆ ಶುರು ಮಾಡಿದ್ದು ಲಾಭದಿಂದಲೇ. ಮೇಷ್ಟರು ಹೊಡೆಯಲಿಲ್ಲ, ಇಡೀ ತರಗತಿಗೆ ಹೇಳಿ ನಗಿಸಿದರು. ದುಡ್ಡಿನ ಲೆಕ್ಕವೂ ಹೇಳಿಬಿಡುತ್ತೇನೆ: ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಕಾಸು, ಒಟ್ಟು 192. 1957ರಲ್ಲಿ ನೂರು ನಯಾಪೈಸೆ ಬಂತು, ಮಾರನೆಯ ವರ್ಷದಿಂದ ಕಿಲೋ. ಒಂದಾಣೆಗೆ ಆರೂಕಾಲು ಪೈಸೆ ಆಗುತ್ತದೆ, ಆ ಕಾಲು ಪೈಸೆ ಯಾರ ಜೇಬಿಗೆ ಹೋಗಬೇಕು ಅನ್ನುವುದರ ಮೇಲೆ ನಮ್ಮ ಜಗಲಿಯಲ್ಲಿ ಜಗಳ ಆಗದ ದಿನ ಇರಲಿಲ್ಲ.

ಎರಡನೆಯ ಯುದ್ಧದ ಕಾಲವನ್ನು ನಮ್ಮ ಅಜ್ಜಿ ‘ಕತ್ತಲೆ ವರ್ಷ’ ಅನ್ನುತ್ತಿದ್ದರು. 1942ರಲ್ಲಿ ಬರ್ಮಾ ಜಪಾನಿನವರ ಪಾಲಾಯಿತು, ಸೀಮೆಎಣ್ಣೆ ನಿಂತುಹೋಯಿತು. ಜನ ಮತ್ತೆ ಹಣತೆ ಹುಡುಕಿದರು, ಆದರೆ ಬದುವಿನ ಹರಳು ಎಷ್ಟೋ ಮನೆಗಳಲ್ಲಿ ನಿಂತುಹೋಗಿತ್ತು. ಚಿಲ್ಲರೆ ಕಾಸೂ ಮಾಯ. ಬಾಕಿ ಕೊಡಲು ಕಾಸಿಲ್ಲದೆ ಬೆಂಕಿಕಡ್ಡಿಗಳನ್ನು ಎಣಿಸಿ ಕೊಡುತ್ತಿದ್ದರಂತೆ. 1943ರಲ್ಲಿ ತಾಮ್ರ ಉಳಿಸಲು ಸರ್ಕಾರ ನಡುವೆ ತೂತಿರುವ ಕಾಸು ಹೊರಡಿಸಿತು. ಈ ದಾರದಲ್ಲಿ ಪೋಣಿಸಿರುವುದು ಅದೇ ತೂತುಕಾಸು. ಮಕ್ಕಳು ಮುಟ್ಟಿ ನೋಡಬಹುದು, ದಾರ ಬಿಚ್ಚಬೇಡಿ.

ಇದುವರೆಗೆ ಹೇಳಿದ್ದು ಹೇಳಲು ಸುಲಭವಾದದ್ದು.

ಅಂಗಡಿಯ ಜಗಲಿ ಎತ್ತರ ಅಂದೆನಲ್ಲ, ಅದನ್ನು ಎಲ್ಲರೂ ಹತ್ತುವಂತಿರಲಿಲ್ಲ. ನಮ್ಮೂರಿನ ಕೇರಿಯ ಜನ ಕೆಳಗೆ ನಿಂತು ಕೂಗಬೇಕು. ಕಾಸನ್ನು ಜಗಲಿಯ ಅಂಚಿಗೆ ಇಡಬೇಕು, ತಾತ ಅದಕ್ಕೆ ನೀರು ಚಿಮುಕಿಸಿ ತೆಗೆದುಕೊಳ್ಳುತ್ತಿದ್ದರು. ಉಪ್ಪನ್ನು ಮೇಲಿನಿಂದ ಸೆರಗಿಗೆ ಸುರಿಯುತ್ತಿದ್ದರು. ಅಳತೆ ಸರಿ ಇತ್ತೋ ಇಲ್ಲವೋ ಕೆಳಗೆ ನಿಂತವರಿಗೆ ಕಾಣುತ್ತಿರಲಿಲ್ಲ. ಅದೇ ಕಾಸು ಸಂಜೆ ಗಲ್ಲಾದಲ್ಲಿ ಎಲ್ಲರ ಕಾಸಿನ ಜೊತೆ ಸೇರಿ, ಲಕ್ಷ್ಮಿ ಅಂತ ಕುಂಕುಮ ಹಚ್ಚಿಸಿಕೊಳ್ಳುತ್ತಿತ್ತು. ಅಂಗಡಿಗೆ ಬರದಂತೆ ತಡೆಯುವುದು ಅಪರಾಧ ಅಂತ 1955ರಲ್ಲಿ ಕಾಯಿದೆ ಬಂತು. ನಮ್ಮ ಜಗಲಿ ಅದಾದ ಮೇಲೂ ಕೆಲವು ವರ್ಷ ಎತ್ತರವಾಗಿಯೇ ಇತ್ತು. ಈ ಶಾಲೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತ ಗೆಳೆಯನ ತಾಯಿ ಹಾಗೆ ಕೆಳಗೆ ನಿಂತವರು. ಅವನು ಇಲ್ಲೇ ಕೂತಿದ್ದಾನೆ, ಇದನ್ನು ಹೇಳಬಹುದೇ ಅಂತ ಕೇಳಿಯೇ ಹೇಳುತ್ತಿದ್ದೇನೆ. ಅವನು ಅಂದದ್ದು ಇಷ್ಟೇ: ‘ಹೇಳು, ಆದರೆ ನಿಮ್ಮ ತಾತ ಒಳ್ಳೆಯವರು ಅಂತ ಕೊನೆಗೆ ಸೇರಿಸಬೇಡ.’ ಸೇರಿಸುವುದಿಲ್ಲ.

ಇನ್ನು ಪುಸ್ತಕಗಳ ವಿಷಯ. ಸಮಿತಿಯವರು ತೂಕ, ಅಳತೆ ಜೊತೆಗೆ ಅಂಗಡಿಯ ಹಳೆಯ ಲೆಕ್ಕದ ಪುಸ್ತಕಗಳನ್ನೂ ಶಾಲೆಗೆ ಕೇಳಿದ್ದರು. ನಮ್ಮ ಅಟ್ಟದಲ್ಲಿ ಮೂರು ಉಳಿದಿವೆ, ಕೆಂಪು ಬಟ್ಟೆಯ ಉದ್ದನೆಯ ಪುಸ್ತಕಗಳು, ಮೋಡಿ ಅಕ್ಷರ. ಎರಡು ಬರೀ ಕಿರ್ದಿ: ಯಾವ ದಿನ ಯಾವ ಮಾಲು ಬಂತು, ಗಾಡಿ ಬಾಡಿಗೆ ಎಷ್ಟು. ಅವನ್ನು ಈಗಲೇ ಕೊಡುತ್ತಿದ್ದೇನೆ. ಮೂರನೆಯದು ಖಾತೆ, ಅಂದರೆ ಉದ್ರಿ ಪುಸ್ತಕ. ಅದರಲ್ಲಿ ಒಂದೊಂದು ಮನೆಗೆ ಒಂದೊಂದು ಪುಟ. ಈ ಸಭೆಯಲ್ಲಿ ಕೂತಿರುವ ಎಷ್ಟೋ ಜನರ ಮುತ್ತಾತಂದಿರ ಹೆಸರು, ಹೆಬ್ಬೆಟ್ಟು ಅದರಲ್ಲಿವೆ.

ಹೆಸರು ಬಿಟ್ಟು ಒಂದು ಪುಟ ಹೇಳುತ್ತೇನೆ. ಕಾಳಯುಕ್ತಿ ಸಂವತ್ಸರ, ಅಂದರೆ 1918. ಆ ವರ್ಷ ಮಳೆ ಕೈಕೊಟ್ಟಿತ್ತು, ಯುದ್ಧದಿಂದ ಎಲ್ಲದರ ಬೆಲೆ ಏರಿತ್ತು. ಪುಟದ ಮೇಲ್ಗಡೆ ಸಾಮಾನ್ಯ ಬಾಬತ್ತು: ಉಪ್ಪು, ಸೀಮೆಎಣ್ಣೆ, ಹೊಗೆಸೊಪ್ಪು, ಮತ್ತೆ ಉಪ್ಪು. ಆಶ್ವಯುಜದಲ್ಲಿ ರಾಗಿ, ಸಾಲಕ್ಕೆ. ಆಮೇಲೆ ಶುಂಠಿ, ಮೆಣಸು, ಬಜೆ. ಇನ್‌ಫ್ಲುಯೆಂಜಾ ಊರಿಗೆ ಬಂದದ್ದು ಇಲ್ಲಿ ಗೊತ್ತಾಗುತ್ತದೆ, ಜ್ವರ ಅಂತ ಎಲ್ಲೂ ಬರೆದಿಲ್ಲ. ಕಾರ್ತಿಕದಲ್ಲಿ ಕರ್ಪೂರ, ಅರಿಶಿನ, ಊದುಬತ್ತಿ. ನಾಲ್ಕು ದಿನ ಬಿಟ್ಟು ಮತ್ತೆ ಕರ್ಪೂರ, ಅರಿಶಿನ, ಊದುಬತ್ತಿ. ಇನ್ನೊಂದು ಸಲ ಅದೇ. ಮೂರು ಹೆಣ. ಆಮೇಲೆ ಹಲವು ತಿಂಗಳು ಬರೀ ಬಡ್ಡಿಯ ಸಾಲುಗಳು. ಪುಟದ ಕೊನೆಯಲ್ಲಿ ಒಂದು ಹೆಬ್ಬೆಟ್ಟು, ಹೊಲದ ಚೆಕ್ಕುಬಂದಿ, ‘ಚುಕ್ತಾ’ ಅನ್ನುವ ಒಂದು ಮಾತು. ಆ ಹೊಲ ನಾನು ಹುಟ್ಟುವ ಹೊತ್ತಿಗೆ ನಮ್ಮ ಮನೆಯದಾಗಿತ್ತು. ನನ್ನ ಕಾಲೇಜಿನ ಫೀಜಿಗೆ ನಮ್ಮಪ್ಪ ಮಾರಿದ್ದು ಅದನ್ನೇ.

ರೈತರ ಸಾಲದ ಪರಿಹಾರಕ್ಕೆ ಮೈಸೂರು ಸಂಸ್ಥಾನ 1928ರಲ್ಲೇ ಒಂದು ಕಾಯಿದೆ ಮಾಡಿತ್ತು. ಕಾಯಿದೆ ಅನ್ನುವುದು ಕೋರ್ಟಿನ ಮೆಟ್ಟಿಲು ಹತ್ತಬಲ್ಲವನಿಗೆ, ಜಗಲಿಯನ್ನೇ ಹತ್ತಲಾಗದವನಿಗೆ ಅಲ್ಲ. 1976ರಲ್ಲಿ ದೇವರಾಜ ಅರಸರ ಸರ್ಕಾರದ ಋಣಪರಿಹಾರ ಕಾಯಿದೆ ಬಂದಾಗ ನಮ್ಮಪ್ಪ ಉಳಿದ ಬಾಕಿಗಳ ಮೇಲೆ ಗೆರೆ ಎಳೆದರು. ಖುಷಿಯಿಂದ ಎಳೆದರು ಅಂತ ಹೇಳಲಾರೆ. ಅಂಗಡಿ ಮುಚ್ಚಿದ್ದೂ ಅದಾದ ಸ್ವಲ್ಪ ದಿನಕ್ಕೆ.

ಉದ್ರಿ ಇಲ್ಲದಿದ್ದರೆ ಆ ಕಾರ್ತಿಕದಲ್ಲಿ ಆ ಮನೆಯವರಿಗೆ ರಾಗಿಯೂ ಇರುತ್ತಿರಲಿಲ್ಲ, ಹೆಣಕ್ಕೆ ಕರ್ಪೂರವೂ ಇರುತ್ತಿರಲಿಲ್ಲ, ಇದನ್ನು ನಮ್ಮ ಮನೆಯಲ್ಲಿ ಹೇಳುತ್ತಾರೆ. ನಿಜ ಇರಬಹುದು. ಹೊಲ ಹೋದ ಮನೆಯಲ್ಲಿ ಬೇರೆ ಹೇಳುತ್ತಾರೆ, ಅದೂ ನಿಜವೇ. ನನ್ನ ತಮ್ಮ ಈ ಪುಸ್ತಕ ಸುಟ್ಟುಬಿಡು ಅಂದ. ಸಮಿತಿಯವರು ಗಾಜಿನ ಪೆಟ್ಟಿಗೆಯಲ್ಲಿ ಇಡೋಣ ಅಂದರು. ಎರಡೂ ನನಗೆ ಸರಿ ಕಾಣಲಿಲ್ಲ. ಸುಟ್ಟರೆ ಹೊಲ ಹೇಗೆ ಕೈಬದಲಾಯಿತು ಅನ್ನುವುದಕ್ಕೆ ಇರುವ ಒಂದೇ ಕಾಗದವೂ ಹೋಗುತ್ತದೆ. ಗಾಜಿನಲ್ಲಿಟ್ಟರೆ ಯಾರದೋ ತಾತನ ಸಾಲವನ್ನು ಊರಿನ ಮಕ್ಕಳೆಲ್ಲ ಬೆರಳಿಟ್ಟು ಓದುತ್ತಾರೆ. ಆ ಪುಟಗಳು ನಮ್ಮ ಮನೆಯವಲ್ಲ, ಬರೆದದ್ದು ಮಾತ್ರ ನಾವು.

ಆದ್ದರಿಂದ ಹೀಗೆ ಗೊತ್ತುಮಾಡಿದ್ದೇನೆ, ಮುಖ್ಯೋಪಾಧ್ಯಾಯರೂ ಒಪ್ಪಿದ್ದಾರೆ. ಊಟ ಆದ ಮೇಲೆ ಇವತ್ತು ಸಂಜೆ ಐದು ಗಂಟೆಯವರೆಗೆ, ನಾಳೆಯೂ ಬೆಳಗಿನಿಂದ, ನಾನು ಎಂಟನೇ ತರಗತಿಯ ಕೊಠಡಿಯಲ್ಲಿ ಖಾತೆ ಪುಸ್ತಕ ಇಟ್ಟುಕೊಂಡು ಒಬ್ಬನೇ ಕೂತಿರುತ್ತೇನೆ. ನಿಮ್ಮ ಮನೆಯ ಪುಟ ಇದೆಯೇ ಅಂತ ಬಂದು ಕೇಳಿ. ಮನೆಯವರು ಮಾತ್ರ, ನೋಡಲು ಬಂದವರು ಹೊರಗೆ. ಮೋಡಿ ಅಕ್ಷರ ಓದಲು ಬರದಿದ್ದರೆ ನಾನು ಓದಿ ಹೇಳುತ್ತೇನೆ, ಒಂದು ಕಾಸೂ ಬಿಡದೆ. ಪುಟ ಬೇಕು ಅಂದರೆ ಕತ್ತರಿಸಿ ಕೊಡುತ್ತೇನೆ. ಪುಸ್ತಕದಲ್ಲೇ ಇರಲಿ, ಶಾಲೆಗೆ ಹೋಗಲಿ ಅಂದರೆ ಪಕ್ಕದಲ್ಲಿ ಒಂದು ಸಹಿ ಹಾಕಿ. ಯಾರೂ ಬಾರದ ಮನೆಗಳ ಪುಟಗಳನ್ನು ಹೊಲಿದು, ಮೊಹರು ಮಾಡಿ, ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಇಡುತ್ತೇವೆ. ಮುಂದೆ ಯಾವತ್ತು ಆ ಮನೆಯವರು ಬಂದರೂ ಬಿಚ್ಚಬಹುದು.

ಕೊಠಡಿಗೆ ಎರಡು ಬಾಗಿಲಿವೆ, ಕೊಳಾಯಿ ಕಡೆಯ ಬಾಗಿಲು ತೆರೆದಿರುತ್ತದೆ. ಕನ್ನಡಕ ತರಲು ಮರೆಯಬೇಡಿ, ಅಕ್ಷರ ಬಹಳ ಸಣ್ಣವು.